ಕೊನೆಯ ಸಾಲಿನಲ್ಲಿ ಕೂತು ನೋಡು

ಮಗು, ನಿನ್ನ ಮೊದಲ ಸಿನಿಮಾ ಮುಗಿಯಿತು, ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಕಳಿಸುತ್ತೇನೆ ಅಂದೆ. ಖಂಡಿತ ಕಳಿಸು. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಈ ಉತ್ಸವದಲ್ಲಿ ಏಷ್ಯಾದ ಚಿತ್ರಗಳಿಗೆ, ಭಾರತದ ಚಿತ್ರಗಳಿಗೆ, ಕನ್ನಡ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಗಳಿವೆ. ಹೊರನಾಡಿನ ತೀರ್ಪುಗಾರರೂ ನಮ್ಮೂರಿನ ಪ್ರೇಕ್ಷಕರೂ ಒಂದೇ ಸೂರಿನಡಿ ನಿನ್ನ ಕೆಲಸ ನೋಡುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗದು. ಹೊರಡುವ ಮುನ್ನ ನನ್ನ ನಾಲ್ಕು ಮಾತು ಕೇಳಿಸಿಕೋ.

ತಾರೆಯರಿಲ್ಲದ ಸಿನಿಮಾಕ್ಕೆ ಚಿತ್ರಮಂದಿರ ಸಿಗುವುದೇ ಕಷ್ಟ. ಸಿಕ್ಕರೂ ಒಂದು ವಾರ, ಬೆಳಗಿನ ಆಟ. ಇಂಥ ಸಿನಿಮಾಗಳಿಗೆ ದಾರಿ ಮಾಡಿಕೊಡುವುದು ಚಿತ್ರೋತ್ಸವಗಳೇ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಜನ ಹುಡುಕಿಕೊಂಡು ಹೋಗಿ ನೋಡಿದರು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಹೆಂಗಸಿನ ಕಥೆ ಹೇಳಿದ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬುಸಾನ್ ಉತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದು, 2024ರಲ್ಲಿ ಇಲ್ಲಿ ತೆರೆ ಕಂಡಿತು. ಊರಿನ ಭಾಷೆ, ಊರಿನ ಮುಖಗಳನ್ನು ಬಿಟ್ಟುಕೊಡದೆಯೇ ಈ ಚಿತ್ರಗಳು ಅಷ್ಟು ದೂರ ನಡೆದವು. ಉತ್ಸವಕ್ಕೆ ಹಿಡಿಸಲಿ ಎಂದು ನಿನ್ನ ಕಥೆಯ ಸೊಗಡು ಕಳೆಯಬೇಡ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ಅದಕ್ಕೆ ಮೊದಲು ಕಣದಲ್ಲಿ ಕಾಳಿರಬೇಕು.

ಕಳಿಸುವ ಮುಂಚೆ ನಿಯಮಗಳನ್ನು ಸಾವಧಾನವಾಗಿ ಓದು. ದೊಡ್ಡ ಉತ್ಸವಗಳು ಹಲವು ಬಾರಿ ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅನ್ನುತ್ತವೆ. ಆತುರಪಟ್ಟು ಯೂಟ್ಯೂಬಿಗೆ ಹಾಕಿದರೆ ಆ ಬಾಗಿಲು ಮುಚ್ಚಿಹೋಗಬಹುದು. ಎಲ್ಲಿಗೆ ಮೊದಲು, ಎಲ್ಲಿಗೆ ಆಮೇಲೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೋ. ಸಬ್‌ಟೈಟಲ್ಲನ್ನು ಕೊನೆಯ ರಾತ್ರಿಯ ಕೆಲಸವಾಗಿಸಬೇಡ. ನಿನ್ನ ಚಿತ್ರದ ಅಜ್ಜಿಯ ಪಾತ್ರ ಆಡುವ ಒಂದು ಗಾದೆ ಕೆಟ್ಟ ಅನುವಾದದಲ್ಲಿ ಸತ್ತರೆ, ಆ ಪಾತ್ರವೂ ಹೊರಗಿನವರ ಪಾಲಿಗೆ ಸತ್ತಂತೆ. ಚಿತ್ರಮಂದಿರದಲ್ಲಿ ಓಡಿಸುವ ಡಿಜಿಟಲ್ ಪ್ರತಿಯನ್ನು, ಅಂದರೆ ಡಿಸಿಪಿಯನ್ನು, ದೊಡ್ಡ ಪರದೆಯ ಮೇಲೆ ಒಮ್ಮೆ ಪೂರ್ತಿ ಓಡಿಸಿ, ಶಬ್ದ ಕೇಳಿ, ಆಮೇಲೆ ಕಳಿಸು. ಪ್ರದರ್ಶನವೇ ಇಲ್ಲದೆ, ಶುಲ್ಕ ಕಟ್ಟಿದವರಿಗೆಲ್ಲ ತಿಂಗಳಿಗೊಂದು ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳೂ ಇವೆ. ಪೋಸ್ಟರಿನ ಮೇಲೆ ಉತ್ಸವಗಳ ಎಲೆಯ ಮುದ್ರೆಗಳು ಸಾಲುಗಟ್ಟಿದ ಮಾತ್ರಕ್ಕೆ ಸಿನಿಮಾ ಬೆಳೆಯುವುದಿಲ್ಲ. ಆ ದುಡ್ಡಿನಲ್ಲಿ ನಟಿಸಿದವರ ಬಾಕಿ ತೀರಿಸು.

ಪ್ರದರ್ಶನದ ದಿನ ಕೊನೆಯ ಸಾಲಿನಲ್ಲಿ ಕೂರು. ನನ್ನ ಮೊದಲ ಕಿರುಚಿತ್ರದ ದಿನ ನಾನು ಅತಿಥಿಗಳ ಪಕ್ಕ ಮುಂದಿನ ಸಾಲಿನಲ್ಲಿದ್ದೆ, ಚಪ್ಪಾಳೆಯಷ್ಟೇ ಕೇಳಿಸಿತು. ಮರುವರ್ಷ ಇನ್ನೊಂದು ಊರಿನಲ್ಲಿ ಅದೇ ಚಿತ್ರಕ್ಕೆ ಹಿಂದೆ ಜಾಗ ಸಿಕ್ಕಿತು. ಹನ್ನೊಂದನೇ ನಿಮಿಷಕ್ಕೆ ಕುರ್ಚಿಗಳು ಕಿರುಗುಟ್ಟಿದವು, ಇಬ್ಬರು ಎದ್ದು ಹೋದರು. ಸಂಕಲನಕಾರ ಕತ್ತರಿಸೋಣ ಅಂದಾಗ ಹಟ ಮಾಡಿ ನಾನು ಉಳಿಸಿಕೊಂಡಿದ್ದ ದೃಶ್ಯ ಅದು. ಆ ಕಿರುಗುಟ್ಟುವಿಕೆ ಕಲಿಸಿದ ಪಾಠವನ್ನು ಯಾವ ಪ್ರಶಸ್ತಿಯೂ ನನಗೆ ಕಲಿಸಲಿಲ್ಲ. ಪ್ರದರ್ಶನದ ನಂತರದ ಸಂವಾದದಲ್ಲಿ ಯಾರಾದರೂ ಅರ್ಥವಾಗಲಿಲ್ಲ ಅಂದರೆ ವಾದಕ್ಕೆ ಇಳಿಯಬೇಡ, ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳು.

ನಿನ್ನ ಪ್ರದರ್ಶನ ಮುಗಿಯಿತೆಂದು ಪಾಸು ಜೇಬಿಗಿಟ್ಟು ಊರಿಗೆ ಹೊರಡಬೇಡ. ಮಿಕ್ಕ ದಿನಗಳೂ ಸರತಿಯಲ್ಲಿ ನಿಂತು ಇರಾನಿನದು, ಮಲಯಾಳಂನದು, ನಿನ್ನ ಓರಗೆಯವರದು ನೋಡು. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ರೈತಾಪಿ ಜನಕ್ಕೆ ತೋರಿಸಿದರು. ಒಳ್ಳೆಯ ಸಿನಿಮಾ ನಗರದವರಿಗಷ್ಟೇ ಅನ್ನುವ ಮಾತು ಅಲ್ಲಿ ಸುಳ್ಳಾಯಿತು. ಹೀಗೆ ಕಟ್ಟಿ ಬೆಳೆಸಿದ ಪ್ರೇಕ್ಷಕರಿಲ್ಲದೆ ಉತ್ಸವ ಉಳಿಯದು, ನಿನ್ನ ಎರಡನೇ ಸಿನಿಮಾವೂ ಉಳಿಯದು. ಇನ್ನೊಬ್ಬರ ಸಿನಿಮಾಕ್ಕೆ ನೀನು ಪ್ರೇಕ್ಷಕನಾಗದಿದ್ದರೆ ನಿನ್ನದಕ್ಕೆ ಯಾರು ಬರಬೇಕು?

ಆಯ್ಕೆಯಾಗದೆಯೂ ಹೋಗಬಹುದು. ಆಯ್ಕೆ ಸಮಿತಿಯ ಕೆಲವು ಮಂದಿ ಕೆಲವು ದಿನಗಳಲ್ಲಿ ಮಾಡುವ ತೀರ್ಮಾನ ಅದು. ಅದರಿಂದ ನಿನ್ನ ಕಸುಬಿನ ಬೆಲೆ ಕಟ್ಟಬೇಡ. ಆ ವರ್ಷವೂ ಪ್ರತಿನಿಧಿ ಪಾಸು ಮಾಡಿಸಿಕೊಂಡು ಉತ್ಸವಕ್ಕೆ ಹೋಗು, ನೋಡು, ಬರೆದಿಟ್ಟುಕೋ. ನಿನ್ನ ಸಿನಿಮಾವನ್ನು ಅದು ಹುಟ್ಟಿದ ಊರಿನ ಶಾಲೆಯ ಗೋಡೆಗೆ ಬಿಳಿ ಪರದೆ ಕಟ್ಟಿ ತೋರಿಸುವ ಹಂಬಲವಿದ್ದರೆ, ಉತ್ಸವಗಳ ಸುತ್ತು ಮುಗಿದ ಮಾರನೆಯ ದಿನವೇ ಹಾಗೆ ಮಾಡು. ಅಲ್ಲಿಯೂ ಕೊನೆಯ ಸಾಲಿನಲ್ಲೇ ಕೂರು.