ಕ್ಲಚ್ ಕೈಕೊಡುವ ಮುನ್ನ: ಸವೆತ ಗುರುತಿಸಲು 10 ಸೂತ್ರಗಳು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಹೇರ್‌ಪಿನ್ ತಿರುವೊಂದರಲ್ಲಿ ಮುಂದಿದ್ದ ಮಿನಿಬಸ್ಸು ನಿಂತಿತು, ನಾನೂ ನಿಲ್ಲಿಸಿದೆ. ಮತ್ತೆ ಹೊರಡಲು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗಿತೇ ಹೊರತು ಕಾರು ಕದಲಲಿಲ್ಲ. ಒಳಗೆಲ್ಲ ಸುಟ್ಟ ಕಮಟು ವಾಸನೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ, ಅವರ ಹಿಂದೆ ಸಾಲುಗಟ್ಟಿದ ಗಾಡಿಗಳು. ಕಾರನ್ನು ಹೆಬ್ರಿಗೆ ಎಳೆಸಿಕೊಂಡು ಬಂದಾಗ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನದಿಂದ ಹೀಗುಂಟು ಸರ್?"

ನಿಜ, ಕಾರು ಎರಡು ತಿಂಗಳಿಂದ ಹೇಳುತ್ತಲೇ ಇತ್ತು. ಕ್ಲಚ್ ಒಂದೇ ದಿನದಲ್ಲಿ ಹಾಳಾಗುವುದು ಅಪರೂಪ. ಎಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಸಿಕ್ಕಿಕೊಂಡಿರುವ ಕ್ಲಚ್ ಪ್ಲೇಟ್, ಚಪ್ಪಲಿಯ ಅಟ್ಟೆಯಂತೆ ದಿನದಿನಕ್ಕೆ ಸವೆಯುತ್ತದೆ. ಕಾಲು, ಕಿವಿ, ಮೂಗು ಎಚ್ಚರವಾಗಿದ್ದರೆ ಈ ಸವೆತವನ್ನು ಮೊದಲೇ ಹಿಡಿಯಬಹುದು.

1. ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡಿ.
ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ಸ್ಪೀಡೋಮೀಟರ್ ಮುಳ್ಳು ಇದ್ದಲ್ಲೇ ಉಳಿದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಎಂದರ್ಥ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪದೆ ಪ್ಲೇಟಿನಲ್ಲೇ ಬಿಸಿಯಾಗಿ ಹೋಗುತ್ತಿದೆ. ಸವೆತಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ. ಏರು ರಸ್ತೆಯಲ್ಲಿ, ತುಂಬಿದ ಗಾಡಿಯಲ್ಲಿ, ಓವರ್‌ಟೇಕ್ ಮಾಡುವಾಗ ಇದು ಮೊದಲು ಕಾಣುತ್ತದೆ.

2. ಮೇಲಿನ ಗೇರಿನಲ್ಲಿ ಪರೀಕ್ಷಿಸಿ.
ಖಾಲಿ, ಸಮತಟ್ಟು ರಸ್ತೆಯಲ್ಲಿ 40-50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಕ್ಲಚ್ ಚೆನ್ನಾಗಿದ್ದರೆ ಆರ್‌ಪಿಎಂ, ವೇಗ ಎರಡೂ ಜೊತೆಜೊತೆಯಾಗಿ ನಿಧಾನಕ್ಕೆ ಏರುತ್ತವೆ. ಸವೆದಿದ್ದರೆ ಆರ್‌ಪಿಎಂ ಒಂದೇ ಏಟಿಗೆ ಜಿಗಿಯುತ್ತದೆ. ಹಳೆ ಕಾರು ಕೊಳ್ಳುವವರು ಈ ಪರೀಕ್ಷೆ ಮಾಡದೆ ಮುಂಗಡ ಕೊಡಬೇಡಿ.

3. ಪೆಡಲ್ ಎಲ್ಲಿ ಹಿಡಿಯುತ್ತದೆ ಎಂದು ಗಮನಿಸಿ.
ಪೆಡಲನ್ನು ನಿಧಾನವಾಗಿ ಬಿಡುತ್ತ ಬಂದರೆ ಒಂದು ಹಂತದಲ್ಲಿ ಕಾರು ಕದಲುತ್ತದೆ. ಕೇಬಲ್ ಕ್ಲಚ್ ಇರುವ ಕಾರಿನಲ್ಲಿ ಆ ಹಂತ ಮೇಲಕ್ಕೆ ಸರಿಯುತ್ತ, ಕಾಲು ಪೂರ್ತಿ ಎತ್ತಿದ ಮೇಲೆಯೇ ಕಾರು ಹೊರಡುವಂತಾದರೆ ಪ್ಲೇಟ್ ತೆಳುವಾಗಿದೆ. ಕೇಬಲ್ ಅಡ್ಜಸ್ಟ್ ಮಾಡಿ ಕೆಲ ದಿನ ಓಡಿಸಬಹುದು, ಆದರೆ ಸವೆದ ಪ್ಲೇಟ್ ಅದರಿಂದ ಹೊಸದಾಗುವುದಿಲ್ಲ. ಹೈಡ್ರಾಲಿಕ್ ಕ್ಲಚ್ ಸವೆತಕ್ಕೆ ತಾನೇ ಹೊಂದಿಕೊಳ್ಳುವುದರಿಂದ ಅಲ್ಲಿ ಈ ಗುರುತು ಅಷ್ಟಾಗಿ ಕಾಣದು. ಉಳಿದ ಗುರುತುಗಳನ್ನೇ ನಂಬಿ.

4. ಪೆಡಲಿನ ಭಾರವನ್ನು ಕಾಲಿಗೆ ಕೇಳಿ.
ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಕೋನ ಬದಲಾಗಿ ಪೆಡಲ್ ಗಟ್ಟಿಯಾಗುತ್ತ ಹೋಗುತ್ತದೆ. ದಿನವೂ ಓಡಿಸುವವರಿಗೆ ಇದು ಅಭ್ಯಾಸವಾಗಿಬಿಡುತ್ತದೆ. ಅದೇ ಮಾದರಿಯ ಹೊಸ ಕಾರಿನ ಕ್ಲಚ್ಚನ್ನು ಒಮ್ಮೆ ಒತ್ತಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

5. ಸುಟ್ಟ ವಾಸನೆಯನ್ನು ಕಡೆಗಣಿಸಬೇಡಿ.
ಘಾಟಿಯಲ್ಲಿ ಒಮ್ಮೆ ಬಂದು ಹೋದ ವಾಸನೆಗೆ ಹೆದರಬೇಕಿಲ್ಲ; ಗಾಡಿ ನಿಲ್ಲಿಸಿ ಕ್ಲಚ್ ಆರಲು ಬಿಡಿ. ಸಮತಟ್ಟು ರಸ್ತೆಯಲ್ಲೂ ಪದೇಪದೇ ಬಂದರೆ ಗ್ಯಾರೇಜಿಗೆ ಹೋಗಿ.

6. ಹೊರಡುವಾಗಿನ ನಡುಕಕ್ಕೆ ಕಾರಣ ಹುಡುಕಿಸಿ.
ಮೊದಲ ಗೇರಿನಲ್ಲಿ ಹೊರಡುವಾಗ ಕಾರು ಗಡಗಡ ನಡುಗಿದರೆ ಪ್ಲೇಟ್ ಸುಟ್ಟು ಗಾಜಿನಂತೆ ನುಣುಪಾಗಿರಬಹುದು, ಅಥವಾ ಅದರ ಮೇಲೆ ಆಯಿಲ್ ಸೋರಿರಬಹುದು. ಎಂಜಿನ್ ಮೌಂಟಿಂಗ್ ಹಾಳಾಗಿದ್ದರೂ ಹೀಗೇ ಆಗುತ್ತದೆ. ಮೊದಲು ಮೌಂಟಿಂಗ್ ನೋಡಿಸಿ, ಆಮೇಲೆ ಗೇರ್‌ಬಾಕ್ಸ್ ಇಳಿಸಿ.

7. ಗೇರ್ ಬೀಳದಿದ್ದರೆ ಎಂಜಿನ್ ಆಫ್ ಮಾಡಿ ನೋಡಿ.
ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್, ಆನ್ ಇದ್ದಾಗ ಕಿರುಗುಟ್ಟಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ರಿವರ್ಸ್ ಗೇರಿನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಆದರೆ ಪ್ಲೇಟ್ ಸವೆದಿದೆ ಎಂದು ಅವಸರದ ತೀರ್ಮಾನ ಬೇಡ. ಕೇಬಲ್ ಜಗ್ಗಿರಬಹುದು, ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಫ್ಲೂಯಿಡ್ ಸೋರಿರಬಹುದು. ಪೆಡಲ್ ಮೆತ್ತಗಾಗಿ ಕೆಳಗೇ ಕುಳಿತರೆ ಮೊದಲ ಅನುಮಾನ ಸೋರಿಕೆಯ ಮೇಲಿರಲಿ. ಇವು ಕಡಿಮೆ ಖರ್ಚಿನ ರಿಪೇರಿಗಳು.

8. ಸದ್ದು ಯಾವಾಗ ಬರುತ್ತದೆ ಎಂದು ಕೇಳಿಸಿಕೊಳ್ಳಿ.
ಕಿಟಕಿ ತೆರೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ. ಪೆಡಲ್ ಒತ್ತಿದಾಗ ಕರಕರ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಪೆಡಲ್ ಬಿಟ್ಟಾಗ ಇದ್ದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಬೇರಿಂಗ್ ಮೇಲೆ. ಈ ಒಂದು ಮಾತು ಮೆಕ್ಯಾನಿಕ್‌ಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

9. ಬದಲಿಸುವಾಗ ಪೂರ್ತಿ ಸೆಟ್ ಬದಲಿಸಿ.
ಗೇರ್‌ಬಾಕ್ಸ್ ಇಳಿಸುವ ಕೂಲಿ ಪ್ಲೇಟ್ ಒಂದಕ್ಕೂ ಅಷ್ಟೇ, ಪೂರ್ತಿ ಸೆಟ್‌ಗೂ ಅಷ್ಟೇ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಫ್ಲೈವೀಲ್ ಮತ್ತು ಆಯಿಲ್ ಸೀಲ್ ನೋಡಿಸಿ. ಹಳೆ ಪ್ಲೇಟನ್ನು ಕೇಳಿ ಪಡೆದು ಕೈಯಲ್ಲಿ ಹಿಡಿದು ನೋಡಿ. ನನ್ನ ಪ್ಲೇಟಿನಲ್ಲಿ ರಿವೆಟ್ಟುಗಳ ತಲೆ ಹೊರಬಂದು ಬೆರಳಿಗೆ ತಾಗುತ್ತಿದ್ದವು, ಅವು ಫ್ಲೈವೀಲನ್ನು ವೃತ್ತವೃತ್ತವಾಗಿ ಗೀರಿಬಿಟ್ಟಿದ್ದವು. ಎರಡು ತಿಂಗಳು ತಡಮಾಡಿದ್ದಕ್ಕೆ ತೆತ್ತ ಹೆಚ್ಚುವರಿ ಬೆಲೆ ಅದು.

10. ಹೊಸ ಕ್ಲಚ್ಚನ್ನು ಹಾಫ್ ಕ್ಲಚ್ಚಿಗೆ ಬಲಿಕೊಡಬೇಡಿ.
ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಾಗಲಿ, ಹೆಬ್ಬಾಳದ ಫ್ಲೈಓವರ್ ಮೇಲಾಗಲಿ, ಗಾಡಿ ನಿಂತರೆ ನ್ಯೂಟ್ರಲ್ ಮಾಡಿ. ಏರಿನಲ್ಲಿ ಕಾರನ್ನು ಕ್ಲಚ್ ಮೇಲೆ ತೂಗಿಸಿ ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ಬದಲಿಸಿದ ಕೂಡಲೇ ಎಡಗಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಿರಿ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ 50,000 ಕಿ.ಮೀ.ಗೆ ಮುಗಿದು, ಇನ್ನೊಂದರದು ಲಕ್ಷ ದಾಟಬಹುದು. ಈ ವ್ಯತ್ಯಾಸ ಬಹುಪಾಲು ಓಡಿಸುವವರ ಎಡಗಾಲಿನದು.

ಸವೆದ ಕ್ಲಚ್ಚಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ, ಖರ್ಚು ನಮ್ಮದೇ. ಹಣಕ್ಕಿಂತ ದೊಡ್ಡದು, ಮನೆಯವರನ್ನು ಕೂರಿಸಿಕೊಂಡು ಘಾಟಿಯ ತಿರುವಿನಲ್ಲಿ ನಿಂತುಬಿಡುವ ಆ ಅಪಾಯ. ಮುಂದಿನ ಸಲ ಆಗುಂಬೆಗೋ ಚಾರ್ಮಾಡಿಗೋ ಹೊರಡುವ ಮುಂಚೆ ಎರಡನೇ ಸೂತ್ರದ ಪರೀಕ್ಷೆಯೊಂದನ್ನು ಮಾಡಿಬಿಡಿ. ಎರಡೇ ನಿಮಿಷದ ಕೆಲಸ.