ಲಿಂಬೆ ಗಿಡದಲ್ಲೇ ಇದೆ ಪಾಠ

ಅಕ್ಕೋರೆ, ಪ್ರಾಣಿ ಸಾಮ್ರಾಜ್ಯದ ಪಾಠಕ್ಕೆ ಹರಿದ ಚಾರ್ಟ್ ಬಿಟ್ಟರೆ ಬೇರೇನೂ ಇಲ್ಲ ಎಂದು ಬೇಸರದಿಂದ ಬರೆದಿದ್ದೀರಿ. ನೀವಿರುವುದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಲಿಂಬೆಯ ನಾಡಿದು. ಅದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕೆ?

ಔಷಧ ಹೊಡೆಯದ ಗಿಡದ ಚಿಗುರಲ್ಲಿ ಮಕ್ಕಳು ಹುಡುಕಲಿ. ಹಕ್ಕಿಯ ಹಿಕ್ಕೆಯಂತೆ ಕಾಣುವುದೇ ಲಿಂಬೆ ಚಿಟ್ಟೆಯ ಮರಿಹುಳ. ಎಲೆ ಸಮೇತ ಅಗಲ ಬಾಯಿಯ ಡಬ್ಬಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಕೊಡಿ. ಬೆಳೆದು ಹಸಿರಾದ ಮೇಲೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚುತ್ತದೆ, ಘಾಟು ಹೊಡೆಯುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ಕಾಲು ಎಣಿಸಲಿ: ಮುಂದಿನ ಮೂರು ಜೊತೆ ಮಾತ್ರ ನಿಜವಾದವು, ಹಿಂದಿನ ಮೆತ್ತನೆಯವು ಚಿಟ್ಟೆಯಾದಾಗ ಇರುವುದಿಲ್ಲ.

ಕಶೇರುಕಕ್ಕೆ ಮನೆಯ ಸಾಧು ಎತ್ತು ಸಾಕು. ಒಡೆಯರು ಹಗ್ಗ ಹಿಡಿದಿರಲಿ, ಮಕ್ಕಳು ಬೆನ್ನೆಲುಬು ಸವರಲಿ. ಒಡೆಯರೇ ಬಾಯಿ ತೆರೆಸಿ ತೋರಿಸಲಿ, ಮೇಲಿನ ಮುಂಭಾಗದಲ್ಲಿ ಹಲ್ಲೇ ಇಲ್ಲ! ಮೀನೂ ಆದೀತು: ಜಿಲ್ಲೆಯ ಬೇರೆ ಶಾಲೆಗಳಲ್ಲಿ ಸಿಂದಗಿಯವರಿಗೆ ಭೀಮಾ ನದಿಯ ಮೀನು, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಕೃಷ್ಣೆಯದು. ಕಿವಿರು ಎತ್ತಿ ತೋರಿಸಿ. ಇನ್ನಷ್ಟು ಹುಳ ಹುಡುಕಲು ಕಲ್ಲು ಮಗುಚುವಾಗ ಚೇಳಿದ್ದೀತು, ಆ ಕೆಲಸ ನಿಮ್ಮದೇ ಇರಲಿ.

ಕೊನೆಗೆ ಡಬ್ಬಿಯಲ್ಲಿ ಕೋಶದಿಂದ ಚಿಟ್ಟೆ ಹೊರಬಂದ ದಿನ ರೆಕ್ಕೆ ಒಣಗುವವರೆಗೆ ಕಾದು, ಹುಳ ತಂದ ಗಿಡದ ಬಳಿಯೇ ಬಿಟ್ಟುಬನ್ನಿ.