ಐದು ಸ್ವರ ಸಾಕು

ಮಕ್ಕಳು ಕಂಪ್ಯೂಟರ್ ಪರದೆಯ ಮೇಲೆ ಸಿಕ್ಕಸಿಕ್ಕ ಚೌಕ ಒತ್ತಿ ಗದ್ದಲ ಎಬ್ಬಿಸುತ್ತಾರೆಂದು ಬೇಸರಪಡಬೇಡಿ ಮೇಡಂ, ಮೊದಲ ಪೀರಿಯಡ್ ಅದಕ್ಕೇ ಬಿಟ್ಟುಕೊಡಿ. ಚೌಕ ತುಂಬಿ ಹಾಡು ಕಟ್ಟಲೆಂದು ನೀವು ಬಳಸುತ್ತಿರುವ ಕ್ರೋಮ್ ಮ್ಯೂಸಿಕ್ ಲ್ಯಾಬ್‌ನ ಸಾಂಗ್ ಮೇಕರ್ ಮೂರನೇ ತರಗತಿಗೆ ಒಳ್ಳೆಯ ಆಯ್ಕೆ. ಲಾಗಿನ್ ಬೇಡ, ಮಕ್ಕಳ ಹೆಸರು ಕೊಡಬೇಕಿಲ್ಲ. ಸೇವ್ ಮಾಡಿದಾಗ ಸಿಗುವ ಲಿಂಕನ್ನು ಆಗಲೇ ಬರೆದಿಟ್ಟುಕೊಳ್ಳಿ.

ಎರಡನೇ ದಿನ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲನ್ನು ಪೆಂಟಟಾನಿಕ್‌ಗೆ ಬದಲಿಸಿ. ಉಳಿಯುವುದು ಐದೇ ಸ್ವರ: ಸ, ರಿ, ಗ, ಪ, ದ. ನಮ್ಮ ಮೋಹನ ರಾಗದ ಸ್ವರಗಳೇ ಇವು, ಹಿಂದೂಸ್ತಾನಿಯವರಿಗೆ ಭೂಪ್. ಎಲ್ಲಿ ಒತ್ತಿದರೂ ಕಿವಿಗೆ ಕಟುವೆನಿಸದ ಕಾರಣ ಅಂಜುವ ಮಗುವಿಗೂ ಧೈರ್ಯ ಬರುತ್ತದೆ. ಹಾಡಿನ ಉದ್ದವನ್ನು 2 ಬಾರ್‌ಗೆ ಇಳಿಸಿ. ಜಾಗ ಕಡಿಮೆಯಾದಷ್ಟೂ ಮಕ್ಕಳು ಯೋಚಿಸಿ ಸ್ವರ ಇಡುತ್ತಾರೆ. ಹಾಡು 'ಸ'ದಿಂದ ಹೊರಟು 'ಸ'ಕ್ಕೇ ಬಂದು ನಿಲ್ಲಬೇಕು, ನಡುವೆ ಎಲ್ಲಾದರೂ ಒಂದು ಕಡೆ ಖಾಲಿ ಬಿಡಬೇಕು. ಇಷ್ಟೇ ನಿಯಮ ಸಾಕು.

ಆದರೆ ಪ್ಲೇ ಒತ್ತುವ ಮೊದಲು ಹಾಡಿಸಿ. ಇದೊಂದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ! ಏರಿಳಿಯುವ ಚೌಕಗಳನ್ನು ಬೆರಳಲ್ಲಿ ತೋರಿಸುತ್ತ ಇಬ್ಬಿಬ್ಬರಾಗಿ ಗುನುಗಲಿ, ಆಮೇಲೆ ಕಂಪ್ಯೂಟರ್ ನುಡಿಸಲಿ. ತಾವು ಊಹಿಸಿದ್ದು, ಕೇಳಿದ್ದು ಎರಡೂ ಬೇರೆಯಾದಾಗ ಮಕ್ಕಳೇ ತಿದ್ದಲು ಕೂರುತ್ತಾರೆ. ಕಲಿಕೆ ನಡೆಯುವುದು ಅಲ್ಲೇ. ಗಮಕ ಮಾತ್ರ ಈ ಚೌಕಗಳಲ್ಲಿ ಸಿಗದು, ಅದನ್ನು ನೀವೇ ಹಾಡಿ ಕೇಳಿಸಿ. ನಿಮ್ಮಲ್ಲಿ ಕಂಪ್ಯೂಟರ್ ಎರಡೇ ಇರುವುದರಿಂದ ಉಳಿದವರು ಚೌಕಳಿ ನೋಟ್‌ಬುಕ್ಕಿನಲ್ಲಿ ಬಣ್ಣ ತುಂಬಿ ರಾಗ ಸಿದ್ಧಮಾಡಿಕೊಂಡಿರಲಿ.